ನಿಲ್ಲಿಸಿ ಎಂದು ಹೇಳಬೇಕಾಗಿದ್ದವರು

ಕಳೆದ ವಾರ ನನ್ನ ಮೇಜಿನ ಮೇಲೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ವಸ್ತು ಬಂದು ಕುಳಿತಿತು. ಬಿಚ್ಚಿದಾಗ ತುಕ್ಕಿನ ವಾಸನೆ, ಹಳೆಯ ರಬ್ಬರಿನ ವಾಸನೆ ಒಟ್ಟಿಗೆ ಮೂಗಿಗೆ ಬಡಿದವು. ಮೊಣಕೈಯಷ್ಟು ಉದ್ದದ ಕಬ್ಬಿಣದ ಸರಳು. ಹಿಡಿಯುವ ತುದಿಗೆ ಸೈಕಲ್ ಟ್ಯೂಬನ್ನು ಬಿಗಿಯಾಗಿ ಸುತ್ತಲಾಗಿತ್ತು. ತಂದುಕೊಟ್ಟವರು ನಮ್ಮ ಹಳೆಯ ಅಟೆಂಡರರ ಮಗಳು.

"ಅಪ್ಪ ತೀರ್ಕೊಂಡು ಮೂರು ತಿಂಗಳಾಯ್ತು ಸಾರ್. ಇದು ಆಫೀಸಿಂದು, ವಾಪಸ್ ಕೊಟ್ಬಿಡು ಅಂತ ಹೇಳ್ತಾನೇ ಇದ್ರು" ಎಂದರು.

ಕುಳಿತುಕೊಳ್ಳಿ ಎನ್ನುವುದೂ ನನಗೆ ತೋಚಲಿಲ್ಲ. ದಾಸ್ತಾನು ಪುಸ್ತಕವನ್ನು ತೆಗೆದು ಹುಡುಕತೊಡಗಿದೆ. ಅಂಥ ಸರಳು ಅದರಲ್ಲಿ ಎಂದೂ ನಮೂದಾಗಿರಲಿಲ್ಲ. ನಮೂದಾಗದೆ ಇದ್ದುದನ್ನು ಹಿಂದಕ್ಕೆ ಪಡೆಯುವುದು ಹೇಗೆ...

ನಾನು ವಿಶ್ವವಿದ್ಯಾನಿಲಯದ ವಿಪತ್ತು ನಿರ್ವಹಣಾ ಕೋಶಕ್ಕೆ ಸಹಾಯಕನಾಗಿ ಸೇರಿದ್ದು ಕೊಡಗಿನಲ್ಲಿ ಗುಡ್ಡಗಳು ಜಾರತೊಡಗಿದ ಮೇಲೆ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆಸಿದ ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನೇ. ಆದ್ದರಿಂದ ಬರೆಯುವ ಪ್ರತಿಯೊಂದು ವಾಕ್ಯವೂ ಸರಿಯಾಗಿರಬೇಕೆಂಬ ಭಯ ನನಗಿತ್ತು. ಅಟೆಂಡರರು ಹಾಸನದ ಗಡಿಯ ಶನಿವಾರಸಂತೆಯ ಕಡೆಯವರು, ಅವರ ಆಡುಮಾತು ನಮ್ಮ ಮನೆಯದರಂತೆಯೇ. ಅವರು ಬಾಯಿ ತೆರೆದರೆ ನನ್ನ ತಂದೆಯೇ ಕಚೇರಿಯೊಳಗೆ ಬಂದು ನಿಂತಂತಾಗುತ್ತಿತ್ತು. ನಾನು ಇನ್ನಷ್ಟು ಶುದ್ಧವಾಗಿ ಮಾತನಾಡುತ್ತಿದ್ದೆ.

ಗ್ರಂಥಾಲಯದ ಹಿಂದೆ ಗುಡ್ಡ, ಮುಂದೆ ಒಂದು ಹಲಸಿನ ಮರ. ಅದರ ಕೊಂಬೆಗೆ ರೈಲು ಕಂಬಿಯ ತುಂಡೊಂದನ್ನು ತೂಗುಹಾಕಿ, ಈ ಸರಳಿನಿಂದ ತರಗತಿಯ ಗಂಟೆಯನ್ನು ಅವರು ಹೊಡೆಯುತ್ತಿದ್ದರು. ನಾವು ಸೈರನ್ ತರಿಸಿದಾಗ ಅವರು ಅದರ ಸುತ್ತ ಒಂದು ಸುತ್ತು ಬಂದು, "ಕರೆಂಟ್ ಇದ್ರೆ ಕೂಗ್ತದೆ, ಅಲ್ವಾ ಸಾರ್? ಮಳೇಲಿ ಕರೆಂಟ್ ಎಲ್ಲಿರ್ತದೆ?" ಎಂದು ನಕ್ಕಿದ್ದರು. ನಾನು ನಗಲಿಲ್ಲ. ಆದರೆ ಯೋಜನೆಯಲ್ಲಿ ಪರ್ಯಾಯ ವ್ಯವಸ್ಥೆಯೆಂದು ಅವರ ಗಂಟೆಯನ್ನು ಸೇರಿಸಿದೆ.

ಮೊದಲ ಅಣಕು ಕವಾಯತಿನ ದಿನ ಜಿಲ್ಲೆಯ ಅಧಿಕಾರಿಗಳು ಬಂದಿದ್ದರು. ಗಂಟೆ ಮೊಳಗಿತು, ವಿದ್ಯಾರ್ಥಿಗಳು ಮೈದಾನಕ್ಕೆ ಬಂದರು. ನಾನು ಎಣಿಕೆಯನ್ನು ಮುಗಿಸುವ ಮೊದಲೇ ಗಂಟೆ ನಿಂತುಹೋಯಿತು. ಅಧಿಕಾರಿಯೊಬ್ಬರು ನನ್ನ ಮುಖ ನೋಡಿದರು. ನನಗೆ ಅಷ್ಟೇ ಸಾಕಾಯಿತು.

"ನಿಲ್ಲಿಸಲು ನಿಮಗೆ ಯಾರು ಹೇಳಿದರು?" ಎಂದು ಎಲ್ಲರ ಎದುರಿಗೆ ಅಟೆಂಡರರನ್ನು ಕೇಳಿದೆ.

"ಎಲ್ಲಾ ಬಂದವ್ರೆ ಸಾರ್, ಇಲ್ಲಿಂದ್ಲೇ ಕಾಣ್ತದೆ."

"ನಿಮಗೆ ಕಂಡರೆ ಸಾಲದು."

ಹಿಂದೆ ನಿಂತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಅಟೆಂಡರರು ತಲೆ ತಗ್ಗಿಸಿ ಸರಳಿನ ತುದಿಯ ರಬ್ಬರನ್ನು ಬಿಗಿ ಮಾಡುತ್ತ ನಿಂತರು. ಅಂದೇ ಸಂಜೆ ಯೋಜನೆಗೆ ಒಂದು ವಾಕ್ಯವನ್ನು ಸೇರಿಸಿದೆ: 'ಸಂಬಂಧಪಟ್ಟ ಅಧಿಕಾರಿಯು ಸ್ವತಃ ಬಂದು ಸೂಚಿಸುವವರೆಗೆ ಗಂಟೆಯನ್ನು ನಿಲ್ಲಿಸತಕ್ಕದ್ದಲ್ಲ.' ವಾಕ್ಯ ಬಹಳ ಚೆನ್ನಾಗಿದೆ ಎನಿಸಿತು. ಅವರನ್ನು ಕರೆದು ಓದಿ ಹೇಳಿದೆ. "ಆಯ್ತು ಸಾರ್, ಯಾರಾದ್ರೂ ಬಂದು ಹೇಳೋಗಂಟ ಹೊಡೀತೀನಿ" ಎಂದರು. ಸಂಬಂಧಪಟ್ಟ ಅಧಿಕಾರಿ ಯಾರು ಎಂದು ಅವರು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಗ್ರಂಥಾಲಯದ ಹಿಂದಿನ ಗುಡ್ಡದಲ್ಲಿ ಬಿರುಕು ಕಾಣಿಸಿತು. ಎರಡು ದಿನಗಳಿಂದ ವಿದ್ಯುತ್ ಇರಲಿಲ್ಲ, ಸೈರನ್ ಮೂಕವಾಗಿತ್ತು. ಅಟೆಂಡರರೇ ಓಡಿಹೋಗಿ ಗಂಟೆ ಹೊಡೆಯತೊಡಗಿದರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮೈದಾನದಿಂದ ಹಲಸಿನ ಮರ ಕಾಣುತ್ತಿರಲಿಲ್ಲ. ಮರದ ಬುಡದಿಂದ ಮೈದಾನವೂ ಕಾಣುತ್ತಿರಲಿಲ್ಲವೆಂಬುದು ನನಗೆ ಆಮೇಲೆ ಹೊಳೆಯಿತು.

ಮೈದಾನದಲ್ಲಿ ಹಾಜರಿ ಕರೆದೆ. ಒಂದು ಹೆಸರೂ ತಪ್ಪಲಿಲ್ಲ. ಆ ಕ್ಷಣದ ನನ್ನ ಸಂತೋಷವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಕುಲಸಚಿವರಿಗೆ ವರದಿ ಮಾಡಲು ಗೇಟಿನ ಬಳಿಗೆ ಹೋದೆ, ಮೊಬೈಲ್‌ಗೆ ಸಿಗ್ನಲ್ ಸಿಗುತ್ತಿದ್ದುದು ಅಲ್ಲಿ ಮಾತ್ರ. ಎಲ್ಲರನ್ನೂ ಕೆಳಗಿನ ಶಾಲೆಗೆ ಸಾಗಿಸಿ ಎಂಬ ಆದೇಶ ಬಂತು. ವಿದ್ಯಾರ್ಥಿಗಳ ಮುಂದೆ ನಾನೇ ನಡೆದೆ. ಆಗ ಗಂಟೆ ಕೇಳಿಸುತ್ತಿತ್ತೇ? ಕೇಳಿಸುತ್ತಿತ್ತು ಎಂದು ಒಮ್ಮೆ ಅನಿಸುತ್ತದೆ. ಮಳೆಯ ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ಮತ್ತೊಮ್ಮೆ. ಪ್ರಾಧ್ಯಾಪಕರಲ್ಲಿ ಯಾರೋ ಹೋಗಿ ಹೇಳಿರುತ್ತಾರೆ ಎಂದುಕೊಂಡೆನೋ, ಏನನ್ನೂ ಅಂದುಕೊಳ್ಳಲೇ ಇಲ್ಲವೋ...

ಒಂದು ತಾಸಿನ ಬಳಿಕ ಅಗ್ನಿಶಾಮಕ ದಳದವರು ಅಟೆಂಡರರನ್ನು ಶಾಲೆಗೆ ಕರೆತಂದರು. ಗುಡ್ಡ ಕುಸಿದು, ಮಣ್ಣು ಸೈಕಲ್ ಸ್ಟ್ಯಾಂಡನ್ನು ನುಂಗಿ, ಹಲಸಿನ ಮರಕ್ಕೆ ಹತ್ತು ಮಾರು ದೂರದಲ್ಲಿ ನಿಂತಿತ್ತಂತೆ. ಆಗಲೂ ಅವರು ಹೊಡೆಯುತ್ತಲೇ ಇದ್ದರಂತೆ. ಬಲಗೈ ಊದಿಕೊಂಡಿತ್ತು, ಸರಳನ್ನು ಬಿಟ್ಟಿರಲಿಲ್ಲ. ನನ್ನನ್ನು ಕಂಡೊಡನೆ ಕೇಳಿದರು:

"ಯಾರು ಸಾರ್ ಒಳಗೆ ಉಳಿದಿದ್ದು? ಸಿಕ್ಕಿದ್ರಾ?"

"ಯಾರೂ ಉಳಿದಿರಲಿಲ್ಲ."

"ಹೌದಾ? ನಿಲ್ಸು ಅನ್ನಕ್ಕೆ ಯಾರೂ ಬರ್ಲಿಲ್ವಲ್ಲ. ಅದಕ್ಕೇ ಯಾವ್ದೋ ಮಗು ಒಳಗೇ ಅದೆ ಅಂದ್ಕೊಂಡೆ" ಎಂದು ಹೇಳಿ, ಸಮಾಧಾನದಿಂದ ಬೆಂಚಿನ ಮೇಲೆ ಕುಳಿತರು.

ನನ್ನ ವರದಿಯಲ್ಲಿ 'ಗಂಟೆಯ ಕಾರ್ಯವು ಯೋಜನೆಯಂತೆಯೇ ನೆರವೇರಿತು' ಎಂದು ಬರೆದೆ. ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ತಿದ್ದಬಹುದಿತ್ತು. ಬಳಿಕವೂ ಅವರು ದಿನವೂ ನಮಸ್ಕಾರ ಹೇಳಿದರು, ಎಡಗೈಯಲ್ಲಿ ಚಹಾ ತಂದಿಟ್ಟರು. ಅವರಿಗೆ ಕೋಪವಿತ್ತೇ, ನನ್ನನ್ನು ಕ್ಷಮಿಸಿದ್ದರೇ, ಕ್ಷಮಿಸುವಂಥದ್ದು ಏನೋ ನಡೆದಿದೆಯೆಂದಾದರೂ ಅವರಿಗೆ ಅನಿಸಿತ್ತೇ? ಕೇಳಬೇಕೆಂದು ಎಷ್ಟೋ ಸಲ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಪ್ರತಿ ಸಲವೂ ಅದು ಕಚೇರಿಯ ಪತ್ರದಂತಾಗುತ್ತಿತ್ತು. ಅಷ್ಟರಲ್ಲಿ ಅವರು ಕೆಲಸ ಬಿಟ್ಟು ಊರಿಗೆ ಹೋದರು...

ದಾಸ್ತಾನು ಪುಸ್ತಕವನ್ನು ಮುಚ್ಚಿದಾಗ ಮಗಳು ಇನ್ನೂ ನಿಂತೇ ಇದ್ದರು. "ಒಂದ್ ಮಾತು ಸಾರ್. ಆವತ್ತು ನಿಲ್ಸು ಅನ್ನಕ್ಕೆ ಯಾರು ಬರ್ಬೇಕಿತ್ತು? ನಾವು ಕೇಳಿದ್ರೆ ಅಪ್ಪ, ಯಾರೋ ದೊಡ್ಡೋರು, ಅನ್ನೋರು ಅಷ್ಟೇ."

ಸಂಬಂಧಪಟ್ಟ ಅಧಿಕಾರಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಆದರೆ ಹೊರಬಂದದ್ದು ನನ್ನ ತಂದೆಯ ಮಾತು, ಅವರ ತಂದೆಯ ಮಾತು.

"ನಾನೇ ಬರ್ಬೇಕಿತ್ತು ಕಣಮ್ಮ."

ಅವರು ಕಿಟಕಿಯಾಚೆಗೆ ಹಲಸಿನ ಮರವನ್ನು, ಕಂಬಿಯನ್ನು ನೋಡಿದರು. "ಸೋಮವಾರಪೇಟೆ ಬಸ್ಸಿಗೆ ಹೊತ್ತಾಯ್ತು, ಬರ್ತೀನಿ" ಎಂದು ಹೊರಟರು.

ಸರಳು ಇನ್ನೂ ನನ್ನ ಮೇಜಿನ ಮೇಲೆಯೇ ಇದೆ. ಎತ್ತಿಡಲು ಹೋದಾಗಲೆಲ್ಲ ರಬ್ಬರಿನ ಮೇಲೆ ಅಟೆಂಡರರ ನಾಲ್ಕು ಬೆರಳುಗಳ ತಗ್ಗು ಕೈಗೆ ಸಿಗುತ್ತದೆ.