ಮಳೆ ನೋಡಿ ಆರಿಸಿದ ದೇಶ

ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುತ್ತಾರಲ್ಲ, ಆ ಎರಡನೆಯ ದಾರಿ ಹಿಡಿದವನು ನಮ್ಮ ಉಡುಪಿ ಕಡೆಯ ಜಯಪಾಲ. ದುಬೈಯ ಜುಮೇರಾ ಲೇಕ್ ಟವರ್ಸ್‌ನ ಒಂದು ಕಾರ್ಗೋ ಕಂಪನಿಯಲ್ಲಿ ಕೂತು ಇಷ್ಟು ವರ್ಷ ಕಂಡವರ ಪೆಟ್ಟಿಗೆಗಳನ್ನು ವಿಮಾನ ಹತ್ತಿಸಿದವನಿಗೆ, ಐವತ್ತು ದಾಟಿದ ಮೇಲೆ ತಾನೇ ವಿಮಾನ ಓಡಿಸುವ ಹುಚ್ಚು ಹಿಡಿಯಿತು. ಅದೂ ಅವಸರದ ಹುಚ್ಚು. ಪೈಲಟ್ ಆಗುವವರಿಗೆ ಮಾಡುವ ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾದನೇನೋ ಹೌದು, ಆದರೆ ಡಾಕ್ಟರು, "ಶುಗರ್ ಅಂಚಿನಲ್ಲಿದೆ. ಈ ಸಲ ಸರಿ, ಮುಂದಿನ ಸಲಕ್ಕೆ ನಾನು ಭರವಸೆ ಕೊಡಲಾರೆ" ಎಂದಿದ್ದರು.

ದುಬೈಯಲ್ಲೇ ರಜೆಯ ದಿನಗಳಲ್ಲಿ ಕಲಿಯೋಣವೆಂದರೆ ಮುಗಿಯಲು ವರ್ಷಗಳೇ ಬೇಕು. ಯುರೋಪಿನಲ್ಲಾದರೆ ದಿನಾ ಹಾರಿಸಿ, ವಾರ್ಷಿಕ ರಜೆಯೊಳಗೆ ಲೈಸೆನ್ಸ್ ಕೈಗೆ ಕೊಡುತ್ತಾರಂತೆ. ಆದರೆ ಯುರೋಪ್ ಎಂದರೆ ಒಂದು ಊರೇ? ಅಲ್ ಮುರಕ್ಕಬಾತ್‌ನ ತಮ್ಮ ಫ್ಲ್ಯಾಟಿನಲ್ಲಿ ಕೂತು, ಮಗಳಿಗೆ ಗಂಡು ನೋಡಿದ ಹಾಗೆ, ಗಂಡ ಹೆಂಡತಿ ದೇಶ ನೋಡತೊಡಗಿದರು. ಕೊನೆಗೆ, ಹೀಗೇ ಹೋಗಿ ಕಲಿತು ಬಂದಿದ್ದ, ಆಫೀಸಿನಲ್ಲಿ ನಮ್ಮ ಕಡೆಯವನೇ ಆದ ಬ್ರಾಯನ್‌ನನ್ನು ಊಟಕ್ಕೆ ಕರೆದರು.

"ಸ್ಪೇನಿಗೇ ಹೋಗಿ ಜಯಪಾಲಣ್ಣ. ವರ್ಷ ಇಡೀ ಬಿಸಿಲು" ಎಂದ ಬ್ರಾಯನ್.

"ಬಿಸಿಲಾ?" ಸಾರು ಬಡಿಸುತ್ತಿದ್ದ ಹೆಂಡತಿ ಪ್ರಫುಲ್ಲಾಳ ಸೌಟು ಗಾಳಿಯಲ್ಲೇ ನಿಂತಿತು. "ಬಿಸಿಲು ನೋಡ್ಲಿಕ್ಕೆ ಟಿಕೆಟ್ ತೆಗೀಬೇಕಾ? ಇಲ್ಲಿ ಬಾಲ್ಕನಿ ಬಾಗಿಲು ತೆಗೆದ್ರೆ ಸಾಕು!"

"ಐರ್ಲೆಂಡ್ ಹೇಗೆ?" ಜಯಪಾಲ ಕೇಳಿದ.

"ಅಯ್ಯೋ, ಅದು ಬೇಡವೇ ಬೇಡ. ಹಿಡಿದ್ರೆ ಬಿಡದ ಮಳೆ."

ಮುಗಿಯಿತು ಕಥೆ. ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಗಂಡನ ಮುಖ ನೋಡಿದಳು. ಕರಾವಳಿಯಲ್ಲಿ ಹುಟ್ಟಿ ಗಲ್ಫಿನಲ್ಲಿ ಬೆಂದವರ ಎದುರು ಮಳೆಯ ಹೆಸರು ಎತ್ತಬಾರದು, ಬುದ್ಧಿ ಕೈಕೊಡುತ್ತದೆ. ಮೋಡ ಕವಿದರೆ ಕಲಿಯುವವರ ವಿಮಾನ ನೆಲ ಬಿಡುವುದಿಲ್ಲ ಎಂದು ಬ್ರಾಯನ್ ಬಡಕೊಂಡದ್ದು ಇಬ್ಬರ ಕಿವಿಗೂ ಬೀಳಲಿಲ್ಲ.

ಐರ್ಲೆಂಡಿನಲ್ಲಿ ಮೊದಲ ವಾರ ಸ್ವರ್ಗ. ಕಿಟಕಿ ತೆರೆದಿಟ್ಟು ಪ್ರಫುಲ್ಲಾ ಕರಿದ ನೀರುಳ್ಳಿ ಬಜೆ ತಿಂದದ್ದೇ ತಿಂದದ್ದು. ಕಲಿಸುವ ಹುಡುಗಿ ಪ್ರತಿ ಬೆಳಿಗ್ಗೆ ಆಕಾಶ ನೋಡಿ "ಸಾರಿ" ಎಂದರೆ, "ಪರವಾಗಿಲ್ಲ" ಎಂದು ಇವನೇ ಅವಳನ್ನು ಸಮಾಧಾನ ಮಾಡುತ್ತಿದ್ದ. ಎರಡನೆಯ ವಾರ ಬಜೆ ಗಂಟಲಲ್ಲಿ ಇಳಿಯಲಿಲ್ಲ. ಮೂರನೆಯ ವಾರ, ಮಳೆ ಒಮ್ಮೆ ನಿಲ್ಲಲಿ ದೇವರೇ ಎಂದು ಉಡುಪಿಯ ಮನುಷ್ಯ ಕೈಮುಗಿದು ನಿಂತ! ಮೋಡ ಸರಿದಾಗಲೆಲ್ಲ ಹುಡುಗಿಯ ಜೊತೆ ಹಾರಿದ, ಚೆನ್ನಾಗಿಯೇ ಕಲಿತ. ಆದರೆ ರಜೆ ಮುಗಿಯುತ್ತ ಬಂದರೂ ಒಬ್ಬನೇ ಹಾರುವ ದಿನ ಬರಲಿಲ್ಲ, ಲೈಸೆನ್ಸಿನ ಮಾತಂತೂ ದೂರವೇ ಉಳಿಯಿತು.

ರಜೆಯ ಕೊನೆಯ ದಿನ ಆಕಾಶ ತಿಳಿಯಾಯಿತು. ಜೊತೆಯಾಗಿ ಎರಡು ಸುತ್ತು ಹಾರಿದ ಮೇಲೆ ಹುಡುಗಿ ಬಾಗಿಲು ತೆರೆದು ಕೆಳಗಿಳಿದಳು. "ಈಗ ನೀವೊಬ್ಬರೇ" ಎಂದಳು. ಜಯಪಾಲ ಒಬ್ಬನೇ ಏರಿದ, ಒಂದು ಸುತ್ತು ಹೊಡೆದ, ಇಳಿದ. ಹುಡುಗಿ ಕೈಕುಲುಕಿ ಒಂದು ತುಂಡು ಕೇಕ್ ಕೊಟ್ಟಳು. ಅವನು ಅದನ್ನು ಹಿಡಿದುಕೊಂಡೇ ಬೇಲಿಯಾಚೆ ಬೆಂಚಿನಲ್ಲಿದ್ದ ಪ್ರಫುಲ್ಲಾಳ ಹತ್ತಿರ ಓಡಿದ.

"ಹೇಗಿತ್ತು ನಾನು ಹಾರಿದ್ದು?"

"ನಂಗೆಂತ ಗೊತ್ತು? ಹೆದರಿ ಕಣ್ಣು ಮುಚ್ಚಿ ಕೂತಿದ್ದೆ ಮಾರಾಯ್ರೆ" ಎಂದು ಕಣ್ಣೊರೆಸಿಕೊಂಡಳು. "ನೀವೇ ಹೇಳಿ, ಮೇಲಿಂದ ಊರು ಹೇಗೆ ಕಾಣ್ತದೆ?"

"ನಾನೆಲ್ಲಿ ಕೆಳಗೆ ನೋಡಿದ್ದು? ಎದುರಿನ ಮೀಟರುಗಳ ಮುಳ್ಳುಗಳಿಂದ ಕಣ್ಣು ತೆಗೀಲಿಕ್ಕೇ ಧೈರ್ಯ ಬರ್ಲಿಲ್ಲ."

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಗು ನಿಂತಾಗ ಜಯಪಾಲನ ಮುಖ ಸಪ್ಪಗಾಯಿತು. "ಬರುವ ವರ್ಷ ಶುಗರ್ ನೋಡಿ ಡಾಕ್ಟರು ಬಿಡ್ತಾರೋ ಇಲ್ವೋ ಪ್ರಫುಲ್ಲಾ" ಎಂದ.

"ಬಿಡದೆ ಎಂತ?" ಅವಳು ಅವನ ಕೈಯಿಂದ ಕೇಕು ಕಿತ್ತು ತನ್ನ ಬಾಯಿಗೆ ಹಾಕಿಕೊಂಡಳು. "ಬಿಸಿಲಿನ ದೇಶಕ್ಕೇ ಹೋಗುವ. ಕೊಡೆ ಹಿಡಿದು ಕೂರ್ತೇನೆ, ಕಣ್ಣು ಬಿಟ್ಟು."