ತಿಮ್ಮಜ್ಜಿಯ ಹಾಡಿನ ಸಿನಿಮಾ

ಹೊನ್ನಾವರದ ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಪ್ರತಿ ಸಿನಿಮಾವನ್ನೂ ಕೊನೆಯವರೆಗೆ ನೋಡಿದವರು ಇಬ್ಬರೇ. ಒಬ್ಬ ಅದನ್ನು ಕಟ್ಟಿದ ನಿತ್ಯಾನಂದಣ್ಣ, ಇನ್ನೊಬ್ಬ ನಾನು. ಅಣ್ಣ ಕೂರುತ್ತಿದ್ದುದು ಕಲೆಗಾಗಿ. ನಾನು ಸಹಕಾರಿ ಸಂಘದ ಗುಮಾಸ್ತ. ಸಿನಿಮಾ ನಡೆಯುತ್ತಿದ್ದ ಸಂಘದ ಮಹಡಿಯ ಸಭಾಂಗಣಕ್ಕೆ ಬೀಗ ಹಾಕಿಕೊಂಡು ಹೋಗಬೇಕಾದದ್ದರಿಂದ ಕೂರುತ್ತಿದ್ದೆ. ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ನನಗೆ ಒಲಿದದ್ದು ಅಲ್ಲೇ.

ನಿತ್ಯಾನಂದಣ್ಣನಿಗೆ ಪೇಟೆಯಲ್ಲಿ ಪಂಪ್‌ಸೆಟ್ ಅಂಗಡಿ. ಅಭಿಪ್ರಾಯಗಳ ಗೋದಾಮು ಬೇರೆ. ಕಥೆ ಕೇಳುವವರು ಅವನ ಪ್ರಕಾರ ಮಕ್ಕಳು. ನಟರು ಸುಳ್ಳುಗಾರರು. ಹಿನ್ನೆಲೆ ಸಂಗೀತವೆಂದರೆ ಪ್ರೇಕ್ಷಕನಿಗೆ ಕೊಡುವ ಲಂಚ. ಜನ ಕೆಮ್ಮತೊಡಗಿದರೆ ಸಿನಿಮಾ ಕೆಲಸ ಮಾಡುತ್ತಿದೆ ಎಂದು ಅರ್ಥ, ಎದ್ದು ಹೋದರಂತೂ ಗೆದ್ದಂತೆ. ಇದನ್ನೆಲ್ಲ ಉರು ಹೊಡೆದು ನಾನು ಕಾಯ್ಕಿಣಿ ಊರಿನ ನಮ್ಮ ಮನೆಗೆ ಒಯ್ದೆ. ನನ್ನ ಅಬ್ಬೆ ಧಾರಾವಾಹಿ ನೋಡುತ್ತಿದ್ದಾಗ, "ಈ ಮ್ಯೂಸಿಕ್ ಎಲ್ಲ ಲಂಚ" ಎಂದೆ.

"ಎಂತ ಆತು ನಿಂಗೆ? ಹೊಟ್ಟೆ ಸರಿ ಇಲ್ವನಾ?" ಎಂದು ಕೇಳಿ ಅವಳು ವಾಲ್ಯೂಮ್ ಏರಿಸಿದಳು.

ಅಣ್ಣನ ಅಂಗಡಿಯ ಕಟ್ಟೆಯ ಮೇಲೆ ಹಳದೀಪುರದ ತಿಮ್ಮಜ್ಜಿ ಬಸಳೆ, ಹರಿವೆ ಇಟ್ಟುಕೊಂಡು ಮಾರುತ್ತಿದ್ದಳು. ಅವರ ಕೇರಿಯಲ್ಲಿ ಮದುಮಗಳಿಗೆ ಅರಿಶಿನ ಹಚ್ಚುವಾಗ ಹೇಳುವ ಉದ್ದನೆಯ ಹಾಡೊಂದಿದೆ. ತಿಮ್ಮಜ್ಜಿ ಒಂದು ಸಾಲು ಎತ್ತಿಕೊಡುತ್ತಾಳೆ, ಉಳಿದ ಹೆಂಗಸರು ಅದನ್ನೇ ತಿರುಗಿ ಹೇಳುತ್ತಾರೆ. ಹೀಗಾಗಿ ಹಾಡು ಎಲ್ಲರ ಬಾಯಲ್ಲೂ ಇದೆ. ಮುಂದಿನ ಸಾಲು ಯಾವುದೆಂದು ಮಾತ್ರ ತಿಮ್ಮಜ್ಜಿಗಷ್ಟೇ ಗೊತ್ತು.

ಅವಳ ಗಂಟಲಲ್ಲಿ ಗಡ್ಡೆ ಎದ್ದಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಮೊಮ್ಮಗಳು ಧನ್ಯಾಳ ಮದುವೆ ಆಪರೇಶನ್ನಿನ ನಂತರ. ಅಜ್ಜಿ ಅಂಗಡಿಯೊಳಗೆ ಬಂದಳು.

"ತಮಾ, ನಿನ್ ಹತ್ರ ದೊಡ್ಡ ಕ್ಯಾಮರಾ ಅದ್ಯಲ. ನನ್ ಹಾಡ ಒಂದ್ ಹಿಡ್ದು ಇಡು. ಹುಡ್ಗಿ ಅರಿಶಿನಕ್ಕೆ ಬೇಕು."

"ಅಖಂಡವಾಗಿ ತೆಗೀತೆ ಅಜ್ಜಿ. ಒಂದೂ ಕಟ್ ಇಲ್ಲ."

"ಕಟ್ಟು ಗಿಟ್ಟು ನಿಂಗೇ ಇರ್ಲಿ. ಹಾಡು ಬಂದ್ರೆ ಆತು."

ಒಂದು ಬೆಳಿಗ್ಗೆ ಅವಳ ಅಂಗಳದಲ್ಲಿ ಕ್ಯಾಮರಾ ನಿಂತಿತು. ಧನ್ಯಾ ಮೊಬೈಲು ಹಿಡಿದು ಕೂತಿದ್ದಳು. ನಿತ್ಯಾನಂದಣ್ಣ ಅದನ್ನು ಆಫ್ ಮಾಡಿಸಿದ. "ಎರಡೆರಡು ಮಿಶನ್ ಕಂಡ್ರೆ ಅಜ್ಜಿ ಮುಖ ಬಿಗೀತದೆ." ಕೋಳಿ ಓಡಿಸುವ ಕೆಲಸ ನನ್ನದು. ರೆಕಾರ್ಡಿಂಗಿನಲ್ಲಿ ಕೂಗು ಸೇರಬಾರದೆಂದು ಹಿತ್ತಲೆಲ್ಲ ಬರಿಗಾಲಲ್ಲಿ ಓಡಿದೆ. ಕೊನೆಗೆ ಹುಂಜವೊಂದನ್ನು ಬಗಲಲ್ಲಿ ಒತ್ತಿ, ಅದರ ಕೊಕ್ಕು ಮುಚ್ಚಿಕೊಂಡು ಬಚ್ಚಲ ಹಿಂದೆ ಕೂತೆ. ಕೈಯೆಲ್ಲ ಪರಚಿತು. ಸಿನಿಮಾ ರಂಗಕ್ಕೆ ನನ್ನ ಕೊಡುಗೆ ಅಷ್ಟು.

ಅಜ್ಜಿ ನಡುನಡುವೆ ಗಂಟಲು ಒತ್ತಿಕೊಳ್ಳುತ್ತ ಪೂರ್ತಿ ಹಾಡಿದಳು. ಮುಗಿಸಿ ಪಕ್ಕಕ್ಕೆ ಉಗುಳಿದಳು. ಕೆಂಪಗಿತ್ತು. "ಇನ್ನೊಂದ್ ಸಲ ಹೇಳು ಅನ್ಬೇಡ ತಮಾ."

ಮದುವೆಯ ಹಿಂದಿನ ಸಂಜೆ ಅದೇ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ ಸಿನಿಮಾ ಹಾಕಿದೆವು. ಆಪರೇಶನ್ ಆಗಿ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡ ತಿಮ್ಮಜ್ಜಿ ಎಲ್ಲರಿಗಿಂತ ಮುಂದೆ ಕೂತಳು. ಧನ್ಯಾ ಮಣೆಯ ಮೇಲೆ. ಪಂಚೆಯ ತುಂಬ ಅಜ್ಜಿಯ ಮುಖ ಬಂತು, ಬಾಯಿ ತೆರೆಯಿತು. ಸದ್ದಿಲ್ಲ.

"ಜೋರ್ ಮಾಡಾ," ಎಂದಳು ಅಜ್ಜಿಯ ತಂಗಿ ಕಮಲಿ.

ನಾನು ಸ್ಪೀಕರಿನ ತಿರುಪು ತಿರುಗಿಸಿದೆ. ಗುಂಯ್ ಎಂದಿತು. ವೈರು ಕಿತ್ತು ಮತ್ತೆ ಚುಚ್ಚಿದೆ.

"ಬಿಡಾ," ಎಂದ ನಿತ್ಯಾನಂದಣ್ಣ. "ಮೈಕ್ ಹಾಕೇ ಇಲ್ಲ. ಶಬ್ದ ಇದ್ರೆ ಜನ ಮುಖ ನೋಡೂದೇ ಇಲ್ಲ."

"ಹಂಗಾರೆ ಹಾಡು ಎಲ್ಲಿ?" ಎಂದಳು ಧನ್ಯಾ.

"ಎದುರಿಗೇ ಉಂಟಲ್ಲೇ."

ಹಿಂದೆ ಯಾರೋ ಕೆಮ್ಮಿದರು. ಅಣ್ಣ ನನ್ನತ್ತ ನೋಡಿ ಹುಬ್ಬು ಹಾರಿಸಿದ.

ಕಮಲಿ ಪಂಚೆಯ ಮೇಲಿನ ತುಟಿಗಳನ್ನೇ ನೋಡಿ, ಊಹಿಸಿ, ಒಂದು ಸಾಲು ಎತ್ತಿದಳು. ಹೆಂಗಸರು ತಿರುಗಿ ಹೇಳಿದರು. ತಿಮ್ಮಜ್ಜಿ ಅಂಗೈಯಿಂದ ನೆಲಕ್ಕೆ ಬಡಿದಳು: ಅದಲ್ಲ. ಕಮಲಿ ಇನ್ನೊಂದು ಹೇಳಿದಳು. ಮತ್ತೆ ಬಡಿತ. ಅಷ್ಟರಲ್ಲಿ ಪಂಚೆಯ ಮೇಲಿನ ಬಾಯಿ ಎಷ್ಟೋ ಮುಂದೆ ಹೋಗಿತ್ತು. ಕಟ್ ಇಲ್ಲದ ಸಿನಿಮಾ ಯಾರಿಗೂ ಕಾಯುವುದಿಲ್ಲ. ಅಜ್ಜಿ ಸರಿಯಾದ ಸಾಲನ್ನು ತುಟಿಯಲ್ಲೇ ಆಡಿ ತೋರಿಸಿದಳು. ಅಲ್ಲೊಂದು ಮೂಕ ಬಾಯಿ, ಇಲ್ಲೊಂದು. ಕಮಲಿ ಅಳತೊಡಗಿದಳು. ಉಳಿದವರು ಹಾಡಿಲ್ಲದೆ ಹುಡುಗಿಗೆ ಅರಿಶಿನ ಹಚ್ಚಿ ಮುಗಿಸಿದರು.

ನಿತ್ಯಾನಂದಣ್ಣ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಸಮಾಧಾನ ಹೇಳಲು ಹೊರಟ. "ಹಾಡು ಯಾರಾದ್ರೂ ಹೇಳ್ತಾರೆ ಅಜ್ಜಿ. ಇಂಥ ಮುಖ..."

ತಿಮ್ಮಜ್ಜಿ ಬಟ್ಟಲಲ್ಲಿ ಉಳಿದಿದ್ದ ಅರಿಶಿನವನ್ನು ಅಂಗೈ ತುಂಬ ತೆಗೆದು ಅವನ ಬಾಯಿಗೆ ಮೆತ್ತಿದಳು. ಮೆತ್ತಿ, ಒತ್ತಿ ಹಿಡಿದಳು. ಅವನು ಕೈಕಾಲು ಆಡಿಸಿದರೂ ಬಿಡಲಿಲ್ಲ. ಬಿಡಿಸಲು ಯಾರೂ ಏಳಲಿಲ್ಲ. ನಾನು ವೈರು ಸುತ್ತುತ್ತಿದ್ದೆ. ಆ ಸಂಜೆಯಷ್ಟು ನೀಟಾಗಿ ಎಂದೂ ಸುತ್ತಿಲ್ಲ.

ಹೊನ್ನಾವರಕ್ಕೆ ಮರಳುವಾಗ ಬೈಕಿನ ಹಿಂದೆ ಕೂತು ಅವನು ಹೆದ್ದಾರಿಯುದ್ದಕ್ಕೂ ಉಗುಳುತ್ತಿದ್ದ. ಕನ್ನಡಿಯಲ್ಲಿ ಕಂಡರೆ ತಲೆ ತಗ್ಗಿಸಿಕೊಂಡಿದ್ದ. ನಾಚಿಕೆಯಾಗಿರಬೇಕು ಎಂದುಕೊಂಡೆ. ಆಮೇಲೆ ನನ್ನ ಭುಜ ಹಿಡಿದು ಮುಂದಕ್ಕೆ ಬಗ್ಗಿದ.

"ಮಾರಾಯಾ, ಅವ್ಳು ಕೈ ಎತ್ತಿದಾಗ ನಿನ್ ಮೊಬೈಲ್ ಕ್ಯಾಮರಾ ಆನ್ ಇತ್ತಾ?"

"ಇಲ್ಲ."

"ಛೆ," ಎಂದ.