ಹೋಡಿಗೆ ಕಟ್ಟಿದ ರುಮಾಲು

ಮೊದಲೇ ಒಂದು ಅರಿಕೆ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಕಚೇರಿಗೆ ಮರಾಠಿಯಲ್ಲಿ ಅರ್ಜಿ ಬರೆದು, ಮನೆಯಲ್ಲಿ ಕನ್ನಡ ಮಾತನಾಡಿ ಬೆಳೆದವಳು. ವಾಕ್ಯ ಎಲ್ಲಿಯಾದರೂ ತೊಡರಿದರೆ, ಹೇಳಬೇಕಾದ ಕ್ರಮ ತಪ್ಪಿದರೆ, ಅದು ನನ್ನ ಕೊರತೆಯೆಂದು ಓದುವವರು ಮನ್ನಿಸಬೇಕು. ಹೇಳುತ್ತಿರುವ ಸಂಗತಿಗೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ.

ಕಳೆದ ವಾರ ಜತ್ತ ಬಸ್ ಸ್ಟ್ಯಾಂಡಿನ ಎದುರು ಚಪ್ಪಲಿ ಹೊಲಿಸಲು ನಿಂತಿದ್ದೆ. ಹೊಲಿಯುವವರು ದಾರವನ್ನು ಜೇನುಮೇಣದ ಉಂಡೆಯ ಮೇಲೆ ಎಳೆದರು. ಬಿಸಿಲಿಗೆ ಮೆತ್ತಗಾದ ಆ ಮೇಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಪಕ್ಕದ ಮನೆಯ ಕೊಂಕಣದತ್ತಿ ಕಣ್ಣ ಮುಂದೆ ಬಂದು ಕುಳಿತರು...

ಕೊಂಕಣದತ್ತಿ ಎಂದರೆ ಕೊಂಕಣದವರಲ್ಲ. ತಿಕೋಂಡಿಯ ಆಚೆಗಿನ, ಕುರಿ ಸಾಕುವವರ ನಮ್ಮ ವಸ್ತಿಯವರೇ. ಊರವರು ಕಬ್ಬು ಕಡಿಯಲು ಹೋಗುವ ಕಾಲದಲ್ಲಿ ಅವರೂ ಅವರ ಗಂಡನೂ ಸಮುದ್ರದ ಕಡೆಗೆ ಮರಳು ತೆಗೆಯಲು ಹೋದರು. ಅಲ್ಲಿ ಅತ್ತಿ ಹಾಯಿ ಹೊಲಿಯುವುದನ್ನು ಕಲಿತರು, ದೋಣಿ ನಡೆಸುವುದನ್ನೂ ಕಲಿತರು. ಗಂಡ ತೀರಿಕೊಂಡ ಮೇಲೆ ಲಾರಿಯೊಂದರಲ್ಲಿ ಊರಿಗೆ ಮರಳಿದಾಗ ಅವರ ಜೊತೆ ಒಂದು ಸಣ್ಣ ಹಾಯಿದೋಣಿಯೂ ಬಂತು. ಅದನ್ನವರು ಅಲ್ಲಿಯವರಂತೆ ಹೋಡಿ ಎನ್ನುತ್ತಿದ್ದರು. ಜತ್ತ ತಾಲೂಕಿನಲ್ಲಿ ಹೋಡಿ! ಎರಡು ವರ್ಷ ಅದು ಅಂಗಳದಲ್ಲಿ ಬೋರಲಾಗಿ ಬಿದ್ದಿತ್ತು. ಅದರಡಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು.

ಆಮೇಲೆ ಕಾಲುವೆಯ ನೀರು ಬಂದು ಕೆರೆ ತುಂಬಿತು. ಸಾಲೆಗೆ ಹೋಗುವ ಕಾಲುದಾರಿ ಮುಳುಗಿತು. ಕೆರೆ ಸುತ್ತಿ ಹೋದರೆ ಒಂದು ತಾಸಿಗೂ ಹೆಚ್ಚಿನ ನಡಿಗೆ. ನಾನಾಗ ಏಳನೆಯ ಇಯತ್ತೆ ಮುಗಿಸಿದ್ದೆ. ಅಪ್ಪ ಕಬ್ಬಿನ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಅಪ್ಪನ ಅಪ್ಪ, ಮುತ್ಯಾನ ಮಾತೇ ಕೊನೆ. ದಾರಿ ಮುಳುಗಿದ್ದೇ ನೆಪವಾಗಿ ಆತ ನನ್ನ ಸಾಲೆ ಬಿಡಿಸಿದ. ಅತ್ತಿಗೆ ಅದು ಕೇಳಿಸಿತು. ಮರುದಿನವೇ ಕೋಳಿಗಳನ್ನು ಎಬ್ಬಿಸಿ ಹೋಡಿಯನ್ನು ಮಗುಚಿ, ಕೆರೆ ದಾಟಿಸಿ ನನ್ನನ್ನು ಸಾಲೆಗೆ ಬಿಡುತ್ತೇನೆಂದರು.

"ಬಿಸಿಲಾಗ ಹುಡುಗಿ ಕರಕಾಗ್ತಾಳ. ನಾಳೆ ಯಾರ ಮಾಡ್ಕೋತಾರ?" ಎಂದ ಮುತ್ಯಾ.

"ನೆರಳ ಮಾಡಿದ್ರ ಕಳಸ್ತೀರಿ?"

"ಮಾಡು ನೋಡೂಣು."

ಮೊದಲು ಅತ್ತಿ ತಪ್ಪು ಮಾಡಿದರು. ಕುರಿಯವರ ಮನೆಗಳಲ್ಲಿ ನೆರಳೆಂದರೆ ಕಂಬಳಿ; ನಾಲ್ಕು ಕೋಲು ನೆಟ್ಟು ಕಂಬಳಿಯನ್ನೇ ಎತ್ತರಕ್ಕೆ ಕಟ್ಟಿದರು. ನಡುನೀರಿನಲ್ಲಿ ಗಾಳಿ ಆ ಕಂಬಳಿಯನ್ನೇ ಹಾಯಿಯೆಂದು ತಿಳಿಯಿತು. ಹೋಡಿ ಗರಗರ ತಿರುಗಿ, ಮುಳುಗಿ ನಿಂತಿದ್ದ ಜಾಲಿಗಿಡಕ್ಕೆ ಸಿಕ್ಕಿಕೊಂಡಿತು. ದಂಡೆಯಲ್ಲಿ ನಿಂತಿದ್ದ ಗಂಡಸರಿಗೆ ಹಬ್ಬ.

"ಏನ್ರಿ ಅತ್ತಿ, ಕುರಿ ಹಟ್ಟಿ ತೇಲಿಸಾಕ ಹೊಂಟೀರೇನು?"

"ಹೌದಪಾ, ಒಂದು ಕುರಿ ಕಡಿಮಿ ಬಿದ್ದೈತಿ. ಬಾ, ಹತ್ತು!"

ಬಾಯಿ ಗಟ್ಟಿಯಿತ್ತು. ಆದರೆ ರಾತ್ರಿಯ ಊಟ ಮಾಡಲಿಲ್ಲವೆಂದು ಅವ್ವ ಹೇಳಿದಳು. ಮರುದಿನದಿಂದ ಅತ್ತಿ ಬೇರೆ ರೀತಿಯಲ್ಲಿ ಕೆಲಸಕ್ಕೆ ಕುಳಿತರು. ಹಾಯಿಯ ಬುಡದ ಅಡ್ಡಗೋಲು ಗಾಳಿ ತಿರುಗಿದಾಗ ಎಡಕ್ಕೂ ಬಲಕ್ಕೂ ಬೀಸಿಬರುತ್ತದೆ. ನೆರಳು ಅದಕ್ಕಿಂತ ಕೆಳಗಿರಬೇಕು. ಬಿದಿರಿನ ಮೂರು ಕಮಾನುಗಳನ್ನು ಬಾಗಿಸಿ, ಹಳೆಯ ಧೋತರಗಳನ್ನು ಮೇಣದ ದಾರದಿಂದ ಜೋಡಿಸಿ ಹೊದಿಸಿದರು. ಗಾಳಿ ಜೋರಾದರೆ ಒಂದು ಹಗ್ಗ ಎಳೆದರಾಯಿತು, ಬಟ್ಟೆ ಮಡಚಿಕೊಳ್ಳುತ್ತಿತ್ತು. ಕೆಳಗೆ ನಾನೂ ವಸ್ತಿಯ ಇನ್ನಿಬ್ಬರು ಹುಡುಗಿಯರೂ ತಲೆ ತಗ್ಗಿಸಿ ಕೂರುವಷ್ಟು ಜಾಗ.

ಮುತ್ಯಾ ನೋಡಿದ. "ಸಂಜೀಕ ನೀರಿನ ಮ್ಯಾಲ ಗುಂಗಾಡ ಏಳ್ತಾವ. ಕಡದು ಜ್ವರಾ ಬಂದ್ರ ಯಾರು ಹೊಣಿ?"

ಅದು ಸುಳ್ಳಲ್ಲ. ಕೆರೆ ತುಂಬಿದಂದಿನಿಂದ ಸೊಳ್ಳೆ ಮೋಡದಂತೆ ಏಳುತ್ತಿತ್ತು. ಸಂತೆಯಿಂದ ತಂದ ಪರದೆ ಜಾಲಿಯ ಮುಳ್ಳಿಗೆ ಎರಡೇ ದಿನದಲ್ಲಿ ಹರಿಯಿತು. ಗಾಳಿಯಾಡಬೇಕು, ನುಸಿಯೂ ನುಗ್ಗಬಾರದು, ಮುಳ್ಳು ತಾಗಿದರೆ ಹರಿಯಬಾರದು. ಅಂಥ ಬಟ್ಟೆ ವಸ್ತಿಯಲ್ಲಿ ಒಂದೇ ಇತ್ತು. ಅದು ಗಂಡಸರ ತಲೆಯ ಮೇಲಿತ್ತು.

ಯಾರೂ ಕೊಡಲಿಲ್ಲ. ರುಮಾಲು ಮಾನದ ಬಟ್ಟೆ. ಹುಡುಗಿಯರ ಸುತ್ತ ಪರದೆ ಕಟ್ಟುವುದಕ್ಕೆ ಯಾರು ಕೊಟ್ಟಾರು? ಅತ್ತಿ ಮೂರು ದಿನ ಮೂರು ಮನೆಗೆ ಹೋಗಿ ಬರಿಗೈಯಲ್ಲಿ ಬಂದರು. ನಾಲ್ಕನೆಯ ದಿನ ಹೋಡಿಯ ಎರಡೂ ಬದಿಗೆ ತೆಳುವಾದ ಕೆಂಪು ಬಟ್ಟೆ ಇಳಿಬಿದ್ದಿತ್ತು. ಚುಕ್ಕಾಣಿಯ ಜಾಗವನ್ನು ಮಾತ್ರ ಬಯಲು ಬಿಟ್ಟಿದ್ದರು, ಹಾಯಿಯ ಮೇಲೆ ಕಣ್ಣಿರಬೇಕಲ್ಲ. "ನನ್ನ ಚರ್ಮ ಉಪ್ಪಿನ ಗಾಳ್ಯಾಗ ಹದಾ ಆಗೇದ, ನನಗೇನ ಆಗ್ತೈತಿ" ಎಂದು ನಕ್ಕರು.

ಸಾಲೆ ಆರಂಭವಾಗುವ ಮುಂಜಾನೆ ಮುತ್ಯಾ ದಂಡೆಗೆ ಬಂದ. ಅತ್ತಿ ಹಗ್ಗ ಹಿಡಿದು ನಿಂತಿದ್ದರು.

"ಬಿಸಲಂದ್ರಿ, ನೆರಳ ಮಾಡೀನಿ. ಗುಂಗಾಡ ಅಂದ್ರಿ, ಪರದಿ ಕಟ್ಟೀನಿ. ಇನ್ನೇನೈತಿ ಹೇಳ್ರಿ ಮಾವಾ, ಅದನ್ನೂ ಹೊಲೀತೀನಿ."

ಮುತ್ಯಾ ಕೊನೆಗೆ ನಿಜ ಹೇಳಿದ. "ಹುಡುಗಿ ದೊಡ್ಡಾಕ್ಯಾಗ್ಯಾಳ."

"ಅದಕ್ಕ ಹೊಲಿಗಿ ಬೇಕಾಗಿಲ್ರಿ. ಅದು ಹರದದ್ದಲ್ಲ."

ಆಗ ಮುತ್ಯಾನ ಕಣ್ಣು ಪರದೆಯ ಮೇಲೆ ಬಿತ್ತು. "ಇದು... ನನ್ನ ಲಗ್ನದ ರುಮಾಲ."

ಅತ್ತಿ ಬಾಯಿ ತೆರೆಯುವ ಮೊದಲೇ ನನ್ನ ಹಿಂದಿನಿಂದ ದನಿ ಬಂತು. "ಹೌದ್ರಿ. ಟ್ರಂಕಿನಾಗಿಂದ ನಾನೇ ತಗದು ಕೊಟ್ಟೀನಿ."

ಅವ್ವ! ಮನೆಗೆ ಸೊಸೆಯಾಗಿ ಬಂದು ಹದಿನೈದು ವರ್ಷವಾಗಿದ್ದರೂ ಅವಳು ಮಾವನೆದುರು ನೇರವಾಗಿ ಒಂದು ಮಾತನ್ನೂ ಆಡಿರಲಿಲ್ಲ. ಹೇಳಬೇಕಾದದ್ದನ್ನು ನಮ್ಮ ಬಾಯಿಂದ ಹೇಳಿಸುತ್ತಿದ್ದಳು. ತಲೆಯ ಸೆರಗು ಜಾರಿರಲಿಲ್ಲ, ನಿಂತಲ್ಲಿಂದ ಅಲುಗಲೂ ಇಲ್ಲ. "ಹೋಗು, ಹತ್ತು" ಎಂದು ನನ್ನ ಬೆನ್ನಿಗೆ ಕೈಯಿಟ್ಟು ನೂಕಿದಳು.

ನಾನು ಹತ್ತಿದೆ. ಮುತ್ಯಾ ತಡೆಯಲಿಲ್ಲ, ಹರಸಲೂ ಇಲ್ಲ. ಕುರಿಗಳತ್ತ ತಿರುಗಿ ನಿಂತು, "ಸಂಜೀಕ ಲಗೂನ ಕರಕೊಂಡ ಬರ್ರಿ" ಎಂದು ಅತ್ತಿಗೆ ಹೇಳಿದ, ಅಷ್ಟೇ.

ಮೂರು ವರ್ಷ ನಾನು ಆ ಹೋಡಿಯಲ್ಲಿ ಹೋಗಿ ಬಂದೆ. ಮೂರು ವರ್ಷವೂ ಸಂಜೆಯ ಹೊತ್ತು ಅತ್ತಿಯ ಮೊಳಕೈವರೆಗೆ ಸೊಳ್ಳೆ ಕಡಿದ ದದ್ದುಗಳಿರುತ್ತಿದ್ದವು. ನಾನು ಹತ್ತನೆಯ ಇಯತ್ತೆ ಪಾಸಾದ ವರ್ಷ ಅವರು ಜ್ವರದಲ್ಲಿ ತೀರಿಕೊಂಡರು. ಯಾವ ಜ್ವರವೆಂದು ಯಾರೂ ಖಚಿತವಾಗಿ ಹೇಳಲಿಲ್ಲ... ಪರದೆಯ ಒಳಗೆ ಕುಳಿತಿದ್ದವಳು ನಾನು. ಇದನ್ನು ಸರಿಯಾದ ವಾಕ್ಯದಲ್ಲಿ ಹೇಗೆ ಬರೆಯಬೇಕೆಂಬುದು ನನಗೆ ಇಂದಿಗೂ ತಿಳಿದಿಲ್ಲ.

ಈಗ ಅಲ್ಲಿ ಏರಿಯ ಮೇಲೆ ರಸ್ತೆಯಾಗಿದೆ. ಪಕ್ಕದ ಮನೆಗೆ ಬೀಗ.

ನಮ್ಮ ಮನೆಯಲ್ಲಿ ಬದಲಾದದ್ದನ್ನು ನೇರವಾಗಿ ಬರೆಯುತ್ತೇನೆ. ಅತ್ತಿ ಹೋದ ಮೇಲೆ ಹೋಡಿ ನಡೆಸಿದವಳು ಅವ್ವ. ನನ್ನ ತಂಗಿಯರಿಬ್ಬರೂ ಅದರಲ್ಲೇ ಸಾಲೆ ಮುಗಿಸಿದರು. ಒಬ್ಬಳು ಈಗ ವಿಜಯಪುರದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅವ್ವ ಮುತ್ಯಾನ ಎದುರು ಕುಳಿತು ಮಾತನಾಡುತ್ತಾಳೆ. ನಮ್ಮ ಬಳಗದಲ್ಲಿ ಯಾರಿಗಾದರೂ ಹುಡುಗಿಯ ಸಾಲೆ ಬಿಡಿಸಬೇಕೆನಿಸಿದರೆ, ಕಾರಣವನ್ನು ಅವರು ಅವ್ವನ ಮುಂದೆ ಬಂದು ಹೇಳಬೇಕು. ಇದುವರೆಗೆ ಯಾರೂ ಬಂದಿಲ್ಲ.